ಪೆಂಢಾರಕರರ ಐದು ಸಾಲು

ಪುಣೆಯ ನಮ್ಮ ಸಾಫ್ಟ್‌ವೇರ್ ಆಫೀಸಿನ ಮುಕುಂದ ಪೆಂಢಾರಕರರು ಯಾರ ಹಂಗೂ ಇಲ್ಲದ ಮನುಷ್ಯ. ದಿನಾ ಅವರೇ ಹೇಳುತ್ತಿದ್ದುದರಿಂದ ಈ ವಿಷಯ ನಮಗೆಲ್ಲ ಗೊತ್ತಿತ್ತು.

ತನಗೆ ಹೊರಗಿನ ಯಾವ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡುಗಳು, ಬೇಕೆಂದು ಪ್ರತಿ ಪ್ರಾಜೆಕ್ಟೂ ಒಂದು ಫೈಲಿನಲ್ಲಿ ಬರೆದುಕೊಳ್ಳಬೇಕು. ಬಿಲ್ಡ್ ಮಾಡುವಾಗ, ಅಂದರೆ ಎಲ್ಲ ಜೋಡಿಸಿ ಪ್ರೋಗ್ರಾಂ ಕಟ್ಟುವಾಗ, ಅವು ಬರುತ್ತವೆ, ಅವುಗಳ ಬೆನ್ನಿಗೆ ಅವಕ್ಕೆ ಬೇಕಾದವೂ ಬರುತ್ತವೆ. ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬಂದ ಹಾಗೆ. ನಮ್ಮ ಫೈಲುಗಳು ಮಾರುದ್ದ. ಪೆಂಢಾರಕರರ ಬಸ್ ಟಿಕೆಟ್ ಪ್ರಾಜೆಕ್ಟಿನದು ಐದೇ ಸಾಲು.

ಆ ಐದರಲ್ಲಿ ಒಂದು, ನಮ್ಮಲ್ಲೇ ಕೆಲಸ ಮಾಡುವ ಮೃಣಾಲ್ ನಿಮಕರಳ ದರಪಟ್ಟಿ ಪ್ರಾಜೆಕ್ಟ್. ತಾರೀಖು ಲೆಕ್ಕ ಹಾಕಲು ಅವಳು ತರಿಸಿಕೊಂಡ ಲೈಬ್ರರಿ ಇವರಿಗೂ ಪುಕ್ಕಟೆ ಬರುತ್ತಿತ್ತು. ವರ್ಷಗಟ್ಟಲೆ ಬಳಸಿದರು, ಬರೆದುಕೊಳ್ಳಲಿಲ್ಲ.

"ಹೇಗೂ ಬರತ್ತಲ್ಲ, ನಾನ್ಯಾಕೆ ಬರೀಲಿ?"

ಕೊಂಕು ಫಲಕಗಳಿಗೆ ಹೆಸರಾದ ಪುಣೆಯವರಲ್ಲವೇ, ಮೇಜಿನ ಮೇಲೆ ಒಂದು ಫಲಕ ಬೇರೆ: 'ಬರುವುದನ್ನೇ ಮತ್ತೆ ಬರೆಯುವ ಬುದ್ಧಿವಂತರು ಇಲ್ಲಿ ನಿಲ್ಲಬಾರದು.' ಮೃಣಾಲ್ ಕಂಡರಂತೂ ಚುಚ್ಚುತ್ತಿದ್ದರು.

"ನಿನ್ನ ಫೈಲು ದೀಪಾವಳಿಯ ಲಕ್ಷ್ಮೀ ರೋಡು ಕಣಮ್ಮ, ಕಾಲಿಡೋಕೂ ಜಾಗ ಇಲ್ಲ. ಸ್ವಲ್ಪ ಗುಡಿಸು."

ಅವಳು ಗುಡಿಸಿದಳು. ತಾರೀಖಿನ ಲೆಕ್ಕ ಅವಳಿಗೀಗ ಬೇಕಿರಲಿಲ್ಲ, ಆ ಲೈಬ್ರರಿಯನ್ನು ತೆಗೆದುಹಾಕಿದಳು.

ಮರುದಿನ ಬಸ್ ಕಂಪನಿಯ ನಿಂಬಾಳಕರ ಸಾಹೇಬರು ಟಿಕೆಟ್ ಪ್ರಾಜೆಕ್ಟ್ ನೋಡಲು ಬಂದರು. ಅವರು ಒಪ್ಪಿದರೆ ಪೆಂಢಾರಕರರಿಗೆ ಮುಖ್ಯಸ್ಥನ ಹುದ್ದೆ ಖಾತ್ರಿ. ಮೊದಲೇ ಕಟ್ಟಿಟ್ಟ ಪ್ರೋಗ್ರಾಮಿನಲ್ಲಿ ಸುಮ್ಮನೆ ಒಂದು ಟಿಕೆಟ್ ತೆಗೆದು ತೋರಿಸಿದ್ದರೆ ಸಾಕಿತ್ತು. ಆದರೆ ಇವರಿಗೆ ಜಂಬ.

"ಐದೇ ಸಾಲಲ್ಲಿ ಹೇಗೆ ಎದ್ದು ನಿಲ್ಲತ್ತೆ, ನಿಮ್ಮ ಮುಂದೇನೇ ಬಿಲ್ಡ್ ಮಾಡ್ತೀನಿ, ನೋಡಿ!"

ಪರದೆ ತುಂಬ ಕೆಂಪು ಅಕ್ಷರ, ತಾರೀಖಿನ ಲೆಕ್ಕ ಬಂದಲ್ಲೆಲ್ಲ ದೋಷ.

"ಮೃಣಾಲ್! ನನ್ನ ಲೈಬ್ರರಿ ಎಲ್ಲಿ?"

"ಅದು ನಂದು ಸರ್. ಬೇಡವಾಯ್ತು, ತೆಗೆದೆ. ಗುಡಿಸು ಅಂದಿದ್ದು ನೀವೇ."

"ನಂಗೆ ಬೇಕಿತ್ತಲ್ಲ!"

"ನಿಮ್ಮ ಫೈಲಲ್ಲಿ ಹಾಗಂತ ಎಲ್ಲೂ ಇಲ್ವಲ್ಲ ಸರ್."

ನಿಂಬಾಳಕರರು ಚಹಾದ ಜೊತೆ ಕೊಟ್ಟ ಭಾಕರವಡಿ ಮುರಿಯುತ್ತ ನಕ್ಕರು. "ಅಹೋ, ಜಗಳ ಯಾಕೆ? ಒಂದು ಸಾಲು ತಾನೇ, ಬರ್ಕೊಂಡ್ಬಿಡಿ."

ಪೆಂಢಾರಕರರು ಕೀಲಿಮಣೆಯ ಮುಂದೆ ಕೂತರು. ಒಂದೆರಡು ಅಕ್ಷರ ಒತ್ತಿದರು, ಅಳಿಸಿದರು, ಹಣೆ ಒರೆಸಿಕೊಂಡರು. ನನಗೆ ಆಗ ಆದ ಸಂತೋಷಕ್ಕೆ ನಾಚಿಕೆಯೇನೂ ಇಲ್ಲ.

ಕೊನೆಗೆ, ತಿರುಗಿ ನೋಡದೆ, ಸಣ್ಣ ದನಿಯಲ್ಲಿ ಕೇಳಿದರು:

"ಮೃಣಾಲ್... ಅದರ ಪೂರ್ತಿ ಹೆಸರೇನಮ್ಮ?"

ನಿಂಬಾಳಕರರ ನಗು ನಿಂತಿತು. ಮೃಣಾಲ್ ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದಳು, ಕೋಣೆಯ ಕೊನೆಯಲ್ಲಿ ಕೂತವರಿಗೂ ಕೇಳುವಷ್ಟು ಗಟ್ಟಿಯಾಗಿ.