ಅಣ್ಣನ ಅಂಗಿ, ಅಪ್ಪನ ಬಳ್ಳಿ

ಬೆಳಗಿನ ಆರು ಗಂಟೆ. ಅಥಣಿ ಭಾಗದ ದ್ರಾಕ್ಷಿ ತೋಟವೊಂದರಲ್ಲಿ ಗಿರಿಜವ್ವ ಸೀರೆಯ ಮೇಲೆ ಗಂಡಸರ ನೀಲಿ ಅಂಗಿ ತೊಟ್ಟು, ಸೆರಗನ್ನು ಅದರೊಳಗೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಾರೆ. ಸಣ್ಣ ಟ್ರ್ಯಾಕ್ಟರ್ ಚಾಲೂ ಆಗುತ್ತದೆ. ಅದರ ಹೈಡ್ರಾಲಿಕ್ ಎಣ್ಣೆಯ ಒತ್ತಡಕ್ಕೆ ಹಿಂದಿನ ಚಿಪ್ಪರ್, ಕಡ್ಡಿ ಚೂರು ಮಾಡುವ ಯಂತ್ರ, ತಿರುಗತೊಡಗುತ್ತದೆ. ಚಾಟ್ನಿಯಲ್ಲಿ, ಅಂದರೆ ಬಳ್ಳಿ ಸವರುವಾಗ, ಕತ್ತರಿಸಿ ಬಿದ್ದ ಬಳ್ಳಿಯ ಕಡ್ಡಿಗಳನ್ನು ಅವರು ಹಿಡಿಹಿಡಿಯಾಗಿ ಅದರ ಬಾಯಿಗೆ ಕೊಡುತ್ತಾರೆ. ಚೂರುಗಳು ಬಳ್ಳಿಗಳ ಬುಡಕ್ಕೇ ಗೊಬ್ಬರವಾಗಿ ಬೀಳುತ್ತವೆ. ಊರವರಿಗೆ ಇದು ‘ಕಡ್ಡಿ ಮಷಿನ್’.

ನಲವತ್ತು ನಿಮಿಷಕ್ಕೊಮ್ಮೆ ಮಷಿನ್ ನಿಲ್ಲುತ್ತದೆ. ಕೆಟ್ಟಿತೇನೋ ಅಂದುಕೊಂಡೆ. “ಕೆಟ್ಟಿಲ್ರಿ. ಟ್ರ್ಯಾಕ್ಟರ್ ಸಣ್ಣದೈತಿ, ಎಣ್ಣಿ ಲಗೂನ ಕಾಯ್ತೈತಿ. ನಮ್ಮಂಗ ಅದಕ್ಕೂ ದಮ್ ಹತ್ತತೈತಿ” ಎಂದು ನಗುತ್ತಾರೆ. ದಿನಕ್ಕೆ ಎರಡು ಎಕರೆ, ಹತ್ತು ಸಲ ವಿಶ್ರಾಂತಿ. ವಿಶ್ರಾಂತಿ ಮಷಿನ್‌ಗೆ ಮಾತ್ರ. ಗಿರಿಜವ್ವ ಅಷ್ಟರಲ್ಲಿ ಮುಂದಿನ ಸಾಲಿನ ಕಡ್ಡಿ ಒಟ್ಟುತ್ತಿರುತ್ತಾರೆ.

ಮೊದಲು ಇದನ್ನು ನಡೆಸುತ್ತಿದ್ದವರು ಗಂಡ ಲಕ್ಷ್ಮಣ. ಒಂಬತ್ತು ವರ್ಷದ ಹಿಂದೆ ಅವರ ಬೆನ್ನು ಕೈಕೊಟ್ಟಾಗ ಗಿರಿಜವ್ವ ಸ್ಟೇರಿಂಗ್ ಹಿಡಿದರು. “ಹೆಣ್ಮಗಳು ಬಳ್ಳಿ ಮುರೀತಾಳ ಅಂದ್ರು. ಇವತ್ತಿಗೂ ಯಾರದೂ ಒಂದ್ ಬಳ್ಳಿ ಮುರದಿಲ್ರಿ.” ತಾವೇ ತಿದ್ದುತ್ತಾರೆ: “ತವರುಮನೀದು ಬಿಟ್ಟು.”

ಅವ್ವ ತೀರಿಕೊಂಡ ಮೇಲೆ ಅಣ್ಣ ಬಾಬಾಸಾಹೇಬ ನಾಗರ ಪಂಚಮಿಗೆ ಕರೆಯಲು ಬರುವುದು ನಿಂತಿತ್ತು. ಕರೆಯದೆ ತವರಿಗೆ ಹೋಗುವ ರೂಢಿ ಈ ಕಡೆ ಇಲ್ಲ. ಮೂರು ವರ್ಷದ ಹಿಂದೆ ಒಂದು ದಿನ ಅಣ್ಣನ ಫೋನ್ ಬಂತು. ಅಪ್ಪ ಹಚ್ಚಿದ ದ್ರಾಕ್ಷಿ ಕಿತ್ತು ಕಬ್ಬು ಹಾಕಬೇಕು, ಮಷಿನ್ ತಗೊಂಡು ಬಾ.

“ನಾನು ಇಳಕಲ್ ಸೀರಿ ಉಟ್ಕೊಂಡು ಟ್ರ್ಯಾಕ್ಟರ್ ಹತ್ತಿದ್ನ್ರಿ, ಹುಚ್ಚಿ!”

ತೋಟದಲ್ಲಿ ಬಳ್ಳಿಗಳನ್ನು ಆಗಲೇ ಕಿತ್ತು ಒಟ್ಟಿದ್ದರು. ಸೆರಗು ಮಷಿನ್‌ಗೆ ಸಿಕ್ಕೀತೆಂದು ಅಣ್ಣ ತನ್ನ ಮೈಮೇಲಿನ ನೀಲಿ ಅಂಗಿಯನ್ನೇ ಬಿಚ್ಚಿ ಕೊಟ್ಟ. “ಅಂವ ಬಳ್ಳಿ ಎತ್ತಿ ಕೊಟ್ಟ, ನಾ ಮಷಿನ್‌ಗೆ ಹಾಕಿದ್ನಿ. ಸಂಜಿಗೆ ಅಂವ ಒಳಗ ಬಾ ಅನ್ಲಿಲ್ಲ, ನಾನೂ ಹೋಗ್ಲಿಲ್ಲ.”

ಕೇಳುತ್ತ ನನಗೆ ಆ ಅಣ್ಣನ ಮೇಲೆ ಸಿಟ್ಟೇ ಬಂತು. ಗಿರಿಜವ್ವ ಒಪ್ಪುವುದಿಲ್ಲ. “ಅಂವ ಅಳಾಕತ್ತಿದ್ದ್ರಿ. ಅಳಾಂವ ಬಾ ಅಂತ ಹ್ಯಾಂಗ ಅಂದಾನು?”

ಅಂದು ಮಷಿನ್ ತಣಿಯುವ ಹೊತ್ತಿನಲ್ಲಿ ಅವರು ಆರು ಕಡ್ಡಿ ಆರಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಮನೆಗೆ ತಂದು ನೆಟ್ಟರೆ ಐದು ಒಣಗಿದವು. ಒಂದು ಚಿಗುರಿತು. ಉಗಾರ ಖುರ್ದದ ತಮ್ಮ ಮನೆಯಂಗಳದಲ್ಲಿ, ಬಣ್ಣದ ಡಬ್ಬಿಯಿಂದ ಎದ್ದು ಅದೀಗ ಅಡುಗೆಮನೆಯ ಕಿಟಕಿ ದಾಟಿದೆ. ಎರಡು ವರ್ಷ ಫಲ ಬರಲೇ ಇಲ್ಲ. ಈ ಸಲವೂ ಗಿರಿಜವ್ವನೇ ಚಾಟ್ನಿ ಮಾಡಿದ್ದಾರೆ. ಸಂಜೆ ಮನೆಗೆ ಹೋದಾಗ ಎಲೆ ಸರಿಸಿ ತೋರಿಸುತ್ತಾರೆ: ಕಿರುಬೆರಳ ತುದಿಯಷ್ಟು ಹಸಿರು ಗೊಂಚಲು, ಒಂದೇ ಒಂದು. ಮುಟ್ಟಲು ಹೋದ ನನ್ನ ಕೈಗೆ ಒಂದೇಟು ಬಿತ್ತು.

“ಶಿವರಾತ್ರಿ ಹೊತ್ತಿಗೆ ಹಣ್ಣಾಗ್ತಾವು. ಅಂವ ಕರೀಲಿ ಬಿಡ್ಲಿ, ಅಣ್ಣಗ ಒಯ್ದು ಕೊಡಾಕಿ ನಾ. ಅಂಗೀನೂ ತೊಳದು ಇಸ್ತ್ರಿ ಮಾಡಿ ಒಯ್ತೀನಿ.”

ಟ್ರ್ಯಾಕ್ಟರ್ ಮೇಲೆಯೇ ಹೋಗುವಿರಾ ಎಂದೆ, ಚೇಷ್ಟೆಗೆ.

“ಇಲ್ರಿ,” ಅಂದರು. “ಬಸ್ಸಿಗೆ ಹೋಗ್ತೀನಿ. ಮಷಿನ್ ಇಲ್ದ ಬಂದೀನಿ ಅಂತ ಅವಗ ಗೊತ್ತಾಗಬೇಕು.”