ಯಾವತ್ತೂ ಉರಿಯದ ಕಂಬ

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು, ಅದೂ ಎಲೆಕ್ಟ್ರಿಕಲ್. ದೆವ್ವ ಎಂದವರನ್ನು ನೋಡಿ ನಕ್ಕವನು. ಆದರೆ ನನ್ನ ಬಲಗೈ ಹೆಬ್ಬೆರಳಲ್ಲಿ ಒಂದು ಸುಟ್ಟ ಕಲೆಯಿದೆ...

ಮಳವಳ್ಳಿ ಕಡೆಯ ನಮ್ಮ ಹಳೇ ಊರಿನ ಕೋಟೆ ಬೀದಿಯಲ್ಲಿ ಸೀಮೆಎಣ್ಣೆ ಕಾಲದ ದೀಪದ ಕಂಬಗಳಿವೆ. ಊರ ದೊಡ್ಡವರಿಗೆ ಇದ್ದಕ್ಕಿದ್ದಂತೆ ಅವುಗಳ ಮೇಲೆ ಪ್ರೀತಿ ಉಕ್ಕಿತು. ಉಳಿಸಲು ಸಮಿತಿ ಮಾಡಿದರು. ಪಟ್ಟಿ ಬರೆಯುವ ಕೆಲಸ ನನಗೆ. ಪಟ್ಟಿಯಲ್ಲಿಲ್ಲದ್ದು ಗುಜರಿಗೆ.

"ಕೊನೇದ್ ಬುಡಪ್ಪ," ಅಂದರು ಅಧ್ಯಕ್ಷರು. "ಉರಿದಿರೋ ಕಂಬ ಮಾತ್ರ ಬರಿ. ಅದು ಒಂದಿನಾನೂ ಉರಿದಿಲ್ಲ."

ಆ ಕಂಬ ಇರುವುದು ನಮ್ಮ ಕೇರಿಯ ತಿರುವಿನಲ್ಲಿ. ಯಾಕೆ ಉರಿಯಲಿಲ್ಲ ಎಂದು ಆ ಮಹಾಶಯರು ಹೇಳಲಿಲ್ಲ. ನನ್ನಜ್ಜಿ ಹೇಳಿದಳು. ದೀಪ ಹಚ್ಚುವವನು ದಿನಾ ಸಂಜೆ ಗುಡಿ ಕಡೆಯಿಂದ ಎಣ್ಣೆ ಹುಯ್ಯುತ್ತಾ ಬರುತ್ತಿದ್ದನಂತೆ.

"ನಮ್ ತಿರುವಿಗ್ ಬತ್ತಿದ್ದಂಗೆ, ಮುಗುದೋಯ್ತು ಅಂತ ಡಬ್ಬ ತಲೆಕೆಳಗ್ ಮಾಡಿ ತೋರ್ಸೋನು ಕಣ್ಲಾ. ದಿನಾ! ನಾವೂ ದಿನಾ ನೋಡಕ್ ಓಯ್ತಿದ್ದೊ, ಬುದ್ಧಿ ಇಲ್ದೋರು."

ಪಟ್ಟಿ ಮಾರನೆಯ ಬೆಳಗ್ಗೆ ಕೊಡಬೇಕಿತ್ತು. ಒಂದೇ ಒಂದು ಸಲ ಉರಿದಿದ್ದರೂ ಗಾಜಿಗೆ ಮಸಿ ಅಂಟಿರಬೇಕಲ್ಲ? ಕತ್ತಲಾದರೂ ಏಣಿ ಹೊತ್ತು ಹೊರಟೆ.

ಕರೆಂಟು ಹೋಗಿತ್ತು. ಏಣಿ ಹತ್ತುವಾಗಲೇ ಸೀಮೆಎಣ್ಣೆ ವಾಸನೆ... ಯಾರದೋ ಮನೆಯ ಒಲೆ ಇರಬೇಕು ಎಂದುಕೊಂಡು ಗಾಜು ಮುಟ್ಟಿದೆ.

ಹೆಬ್ಬೆರಳು ಚುರ್ ಎಂದಿತು!

ಮೊಬೈಲ್ ಬೆಳಕು ಬಿಟ್ಟು ನೋಡಿದೆ. ಬತ್ತಿಯಿಲ್ಲ. ಉರಿಯಿಲ್ಲ. ಒಳಗೆ ಕಣಜ ಕಟ್ಟಿದ ಒಣ ಮಣ್ಣಿನ ಗೂಡು. ಆದರೆ ಗಾಜಿನ ಮೇಲೆ ಹಸಿ ಮಸಿ...

ಆಗ ಕೋಟೆ ಬೀದಿ ಕಡೆಯಿಂದ ಹೆಜ್ಜೆ ಸಪ್ಪಳ. ಜೊತೆಗೆ ಖಾಲಿ ಡಬ್ಬದ ಸದ್ದು. ಟಣ್... ಟಣ್... ಏಣಿಯ ಬುಡಕ್ಕೆ ಬಂದು ನಿಂತಿತು.

"ಯಾವನ್ಲಾ ಅದು?"

ಏಣಿ ಅಲುಗಿತು. ಒಂದೊಂದೇ ಮೆಟ್ಟಿಲು ಕಿರುಗುಟ್ಟುತ್ತಾ ಆ ಭಾರ ನನ್ನ ಬೆನ್ನಿನವರೆಗೆ ಬಂತು. ಕಿವಿಯ ಪಕ್ಕದಿಂದ ಯಾರೋ 'ಉಫ್' ಎಂದು ಊದಿದರು.

ಗಾಜು ತಣ್ಣಗಾಯಿತು.

ಹೇಗೆ ಇಳಿದೆನೋ ಗೊತ್ತಿಲ್ಲ. ಬೆಳಗ್ಗೆ ಅಧ್ಯಕ್ಷರಿಗೆ ಮಸಿ ಹತ್ತಿದ ಬೆರಳು ತೋರಿಸಿದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

"ಮೊದ್ಲು ಕೈ ತೊಳ್ಕಂಡ್ ಬಾರಪ್ಪ."

ತೊಳೆಯಲಿಲ್ಲ. 'ಕೊನೆಯ ಕಂಬ: ಉರಿದಿದೆ' ಎಂದು ಅವರೆದುರೇ ಬರೆದೆ. ನನ್ನಪ್ಪನಿಗೆ ಹೆಬ್ಬೆಟ್ಟು ಬಿಟ್ಟರೆ ಬೇರೆ ರುಜು ಗೊತ್ತಿರಲಿಲ್ಲ. ನಾನು ಡಿಗ್ರಿ ಸಮೇತ ರುಜು ಹಾಕಿ, ಪಕ್ಕದಲ್ಲಿ ಆ ಮಸಿಯ ಹೆಬ್ಬೆಟ್ಟನ್ನೂ ಒತ್ತಿದೆ.

ಕಂಬ ಉಳಿಯಿತು. ಹಚ್ಚಿದವರು ಯಾರೋ, ಅವರಿಗೆ ಒಳ್ಳೆಯದಾಗಲಿ. ಆದರೆ ಸತ್ತ ಮೇಲೂ ಏಣಿ ಹತ್ತಿ ಬಂದು ಆರಿಸುವವನದು ಅದೆಂಥ ದರಿದ್ರ ಛಲ! ಥೂ ಎಂದು ಉಗಿಯುತ್ತೇನೆ. ಉಗಿಯುತ್ತಲೇ, ಮನೆಯಲ್ಲಿ ಬುದ್ಧನ ಮುಂದಿನ ದೀಪ ಗಾಳಿಗೆ ಆರಿದರೂ ಸಾಕು... ಕೈ ತಾನಾಗಿ ಕಿವಿಗೆ ಹೋಗುತ್ತದೆ.