ಮೆಟ್ಟಿಲಿಲ್ಲದ ಹೋಂಸ್ಟೇ

ಕೊಡ್ಲಿಪೇಟೆಯ ಶೈಲಾ ತನ್ನ ಹೋಂಸ್ಟೇಯ ವೆಬ್‌ಸೈಟಿಗೆ ಲೇಖನ ಬರೆಸಲು, ವೆಬ್‌ಸೈಟುಗಳಿಗೆ ಬರೆದುಕೊಡುವ ನನ್ನನ್ನು ಕರೆದಿದ್ದಳು. ರೂಮುಗಳು ಖಾಲಿ ಬಿದ್ದಿದ್ದವು. ಈ ಸೀಸನ್ನೂ ಹೀಗೇ ಹೋದರೆ ಮುಚ್ಚುವುದೇ ಸರಿ ಅನ್ನುತ್ತಿದ್ದಳು.

"'ಕೊಡಗು ಹೋಂಸ್ಟೇ' ಅಂತ ನೆಟ್ಟಲ್ಲಿ ಹುಡುಕಿದ್ರೆ ನಮ್ದೇ ಮೊದ್ಲು ಬರ್ಬೇಕು ಆಂಟಿ" ಎಂದಳು.

ಆ ಪದದ ಹಿಂದೆ ಇಡೀ ಜಿಲ್ಲೆಯೇ ಬಿದ್ದಿದೆ, ನಿನ್ನ ಸರದಿ ಬರುವುದಿಲ್ಲ ಎಂದೆ. ಜನ ಹುಡುಕುವ, ಆದರೆ ಯಾರೂ ಬರೆಯದ ಮಾತು ನಮಗೆ ಬೇಕಿತ್ತು. "ಫೋನ್ ಮಾಡಿದೋರು ಏನ್ ಕೇಳ್ತಾರವ್ವಾ?" ಎಂದು ಕೇಳಿದೆ.

"ಅಯ್ಯೋ, ಮೆಟ್ಲಿದ್ಯಾ, ಕಮೋಡ್ ಇದ್ಯಾ, ಅಮ್ಮಂಗೆ ಮಂಡಿನೋವು ಅಂತಾರೆ. ಅದನ್ನೆಲ್ಲ ಬರೀತಾರಾ?"

ಉಳಿದವರೆಲ್ಲ ಬೆಟ್ಟ, ಟ್ರೆಕ್ಕಿಂಗ್ ಎಂದೇ ಬರೆಯುತ್ತಿದ್ದರು. ಶೈಲಾಳ ಮನೆ ಗದ್ದೆಯ ಪಕ್ಕ, ಸಮತಟ್ಟು ಜಾಗದಲ್ಲಿತ್ತು. ವಿಜಯಪುರದ ಬಯಲಲ್ಲಿ ಹುಟ್ಟಿದ ನನ್ನ ಮಂಡಿಗಳು ಈ ಜಿಲ್ಲೆಯಲ್ಲಿ ಒಪ್ಪಿದ ಮೊದಲ ಮನೆ ಅದು. 'ಮಂಡಿನೋವಿನವರಿಗೆ ಕೊಡಗಿನಲ್ಲಿ ಮೆಟ್ಟಿಲಿಲ್ಲದ ರೂಮು' ಎಂದು ತಲೆಬರಹ ಕೊಟ್ಟೆ.

"ನಮ್ಮನೇನ ಆಸ್ಪತ್ರೆ ಮಾಡ್ಬಿಟ್ರಲ್ಲ ಆಂಟಿ!" ಎಂದು ಸಿಡುಕಿದಳು. "ಚೆಂದದ ಹುಡುಗ ಹುಡುಗೀರು ಬರ್ತಾರೆ ಅಂದ್ಕೊಂಡಿದ್ದೆ."

"ಅವರು ಆಗಲೇ ಬ್ಯಾರೆ ಕಡೆ ಹೋಗ್ಯಾರಲ್ಲವ್ವಾ."

ಗೊಣಗುತ್ತಲೇ ಒಪ್ಪಿದಳು. ಕೆಲವು ವಾರಗಳಲ್ಲಿ ಆ ಲೇಖನ ಹುಡುಕಾಟದಲ್ಲಿ ಮೇಲೆ ಬಂತು, ರೂಮುಗಳು ತುಂಬತೊಡಗಿದವು. ಮೊದಲು ಬಂದವರು ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಅಜ್ಜಿ. ಮಗಳ ಕೈ ಹಿಡಿದು ಕಾರಿನಿಂದ ಇಳಿದು, ಕಾಫಿ ಕುಡಿದು, ಸುತ್ತ ಒಮ್ಮೆ ನೋಡಿ ಶೈಲಾಳನ್ನು ಕೇಳಿದರು: "ಹತ್ತೋಕೆ ಇಲ್ಲಿ ಬೆಟ್ಟ ಎಲ್ಲಿದ್ಯಮ್ಮ?"

ಅದಕ್ಕೂ ಒಂದು ಲೇಖನ ಬರೆಯಬಹುದಿತ್ತು. ಆದರೆ 'ಬೆಟ್ಟ' ಎಂಬ ಮಾತಿಗೆ ಪೈಪೋಟಿ ಜಾಸ್ತಿ.